ಪರ್ಸನಲ್ ಟ್ರೇನರ್ ಹುದ್ದೆಯ ಸಂದರ್ಶನಕ್ಕೆ ಸಿದ್ಧರಾಗುವ ಬಗೆ

ಪರ್ಸನಲ್ ಟ್ರೇನರ್ ಹುದ್ದೆಗೆ ಸಂದರ್ಶನವೆಂದರೆ ಹೆಚ್ಚಿನವರು ಸ್ನಾಯುಗಳ ಹೆಸರನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಅದು ಬೇಕಾದದ್ದೇ, ಆದರೆ ಒಳ್ಳೆಯ ಜಿಮ್‌ಗಳಲ್ಲಿ ಆಯ್ಕೆ ತೀರ್ಮಾನವಾಗುವುದು ಮೇಜಿನ ಮುಂದಲ್ಲ, ಫ್ಲೋರ್‌ನಲ್ಲಿ ಕೊಡಬೇಕಾದ ಡೆಮೊದಲ್ಲಿ.

ಸಂದರ್ಶಕರೇ ಗ್ರಾಹಕರಾಗಿ ನಿಂತು, "ನನಗೆ 45 ವರ್ಷ, ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ, ಸೊಂಟನೋವಿದೆ, ಮೂರು ತಿಂಗಳಲ್ಲಿ ಹೊಟ್ಟೆ ಕರಗಬೇಕು" ಎನ್ನಬಹುದು. ಇಷ್ಟು ಕೇಳಿದ ಕೂಡಲೇ ಅವರ ಹೆಗಲಿಗೆ ಬಾರ್ಬೆಲ್ ಏರಿಸಲು ಹೊರಟರೆ ಕೆಲಸ ಕೈತಪ್ಪಿತೆಂದೇ ತಿಳಿಯಿರಿ. ವ್ಯಾಯಾಮಕ್ಕೆ ಮುಂಚೆ ಆರೋಗ್ಯ ವಿಚಾರಿಸುವ ಪಾರ್-ಕ್ಯೂ (PAR-Q) ಪ್ರಶ್ನಾವಳಿಯ ಏಳು ಪ್ರಶ್ನೆಗಳನ್ನು ಮೊದಲೇ ಮನನ ಮಾಡಿಕೊಂಡು, ಹೃದಯದ ತೊಂದರೆ, ಎದೆನೋವು, ತಲೆಸುತ್ತು, ಕೀಲುನೋವು, ರಕ್ತದೊತ್ತಡದ ಮಾತ್ರೆ ಇವುಗಳ ಬಗ್ಗೆ ವಿಚಾರಿಸಿ. ಸೊಂಟದ ನೋವು ಕಾಲಿಗೆ ಇಳಿಯುತ್ತದೆಯೇ, ಜೋಮು ಹಿಡಿಯುತ್ತದೆಯೇ ಎಂದು ಕೇಳಿ, ಹೌದೆಂದರೆ ವೈದ್ಯರನ್ನು ಕಂಡು ಬರಲು ಹೇಳಿ. ಅಂಥದ್ದೇನೂ ಇಲ್ಲದಿದ್ದರೆ ಭಾರವಿಲ್ಲದೆ ಸ್ಕ್ವಾಟ್ ಮಾಡಿಸಿ, ಹಿಮ್ಮಡಿ ಮೇಲೇಳುತ್ತದೆಯೇ, ಮೊಣಕಾಲು ಒಳಕ್ಕೆ ವಾಲುತ್ತದೆಯೇ ಎಂದು ಮುಂದಿನಿಂದಲೂ ಪಕ್ಕದಿಂದಲೂ ಗಮನಿಸಿ. ತಿದ್ದುವಾಗ ಒಂದು ಸಲಕ್ಕೆ ಒಂದೇ ಸೂಚನೆ ಸಾಕು, ಮುಟ್ಟಿ ತಿದ್ದಬೇಕಿದ್ದರೆ ಅನುಮತಿ ಕೇಳಲೇಬೇಕು. ಹೊಟ್ಟೆಯ ಕೊಬ್ಬನ್ನಷ್ಟೇ ಕರಗಿಸುವ ವ್ಯಾಯಾಮವಿಲ್ಲವೆಂಬ ಸತ್ಯವನ್ನು ಗ್ರಾಹಕರ ಉತ್ಸಾಹ ಕುಗ್ಗದಂತೆ ಹೇಳುವುದನ್ನು ಮನೆಯವರ ಮುಂದೆ ನಾಲ್ಕಾರು ಸಲ ಅಭ್ಯಾಸ ಮಾಡಿ. ಡೆಮೊದಲ್ಲಿ ಅತ್ಯಂತ ಕಷ್ಟದ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ.

ಆಹಾರದ ಪ್ರಶ್ನೆ ಬಂದೇ ಬರುತ್ತದೆ. ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಶಿಫಾರಸು. ಮುದ್ದೆ, ಸೊಪ್ಪಿನ ಸಾರು ಉಣ್ಣುವ ಸಸ್ಯಾಹಾರಿಗೆ ಅದನ್ನು ಕಾಳು, ಮೊಸರು, ಸೋಯಾಗಳಿಂದ ತುಂಬಿಸುವ ಲೆಕ್ಕ ನಿಮಗೆ ಬರಬೇಕು. ಆದರೆ ಮಧುಮೇಹಿಗೆ ಡಯಟ್ ಚಾರ್ಟ್ ಬರೆದುಕೊಡಿ ಎಂದರೆ, ಅದು ಡಯಟೀಷಿಯನ್ ಕೆಲಸವೆಂದು ಹೇಳುವುದೇ ಸರಿಯಾದ ಉತ್ತರ.

ಪ್ರಮಾಣಪತ್ರಗಳ ಜೊತೆಗೆ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಕೊಡುವ ತುರ್ತು ಚಿಕಿತ್ಸೆ) ತರಬೇತಿ ಪತ್ರದ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆಯನ್ನು ಒತ್ತಬೇಕೆಂಬುದು ತಡವರಿಸದೆ ಬಾಯಿಗೆ ಬರಬೇಕು.

ಸಂಬಳದ ಮಾತು ಬಂದಾಗ ಸಂಕೋಚ ಬೇಡ. ಮೂಲವೇತನ ಎಷ್ಟು, ಗ್ರಾಹಕರು ಕೊಳ್ಳುವ ಪಿಟಿ (ಪರ್ಸನಲ್ ಟ್ರೇನಿಂಗ್) ಪ್ಯಾಕೇಜಿನಲ್ಲಿ ನಿಮ್ಮ ಪಾಲೆಷ್ಟು, ತಿಂಗಳ ಮಾರಾಟದ ಟಾರ್ಗೆಟ್ ಮುಟ್ಟದಿದ್ದರೆ ಆ ಪಾಲು ಇಳಿಯುತ್ತದೆಯೇ, ಕೆಲಸ ಬಿಡುವಾಗ ಉಳಿದ ಸೆಷನ್‌ಗಳು ಯಾರಿಗೆ ಸೇರುತ್ತವೆ ಎಂಬುದನ್ನೆಲ್ಲ ಕೇಳಿ, ಆಫರ್ ಲೆಟರ್‌ನಲ್ಲಿಯೇ ಬರೆಸಿಕೊಳ್ಳಿ.