ಮೂರು ಪರ್ಸೆಂಟ್ ಅಂದಿದ್ದೆ, ದೋಸೆ ಕೊಡಿಸಿದೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್ ಯಾರು ಗೆಲ್ತಾರೆ ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವುದು ನನ್ನ ಹಳೆಯ ಚಟ. ದುಡ್ಡು ಕಟ್ಟುವುದಿಲ್ಲ. ಆಫೀಸಿನ ಗೆಳೆಯರ ನಡುವೆ ಮಸಾಲೆ ದೋಸೆಯ ಪಣ, ಅಷ್ಟೇ.

2016ರಲ್ಲಿ ನನ್ನ ದೋಸೆ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಮೇಲಿತ್ತು. ಆ ಸೀಸನ್‌ನ 82 ಪಂದ್ಯಗಳಲ್ಲಿ ಅವರು 73 ಗೆದ್ದಿದ್ದರು. ಆದರೆ ನಾನು ಎಷ್ಟು ಗೆದ್ದರು ಅನ್ನುವುದಕ್ಕಿಂತ ಎಷ್ಟರಿಂದ ಗೆದ್ದರು ಅಂತ ನೋಡುತ್ತೇನೆ. ಒಂದು ಪಾಯಿಂಟ್ ಗೆಲುವಿನಲ್ಲಿ ಅದೃಷ್ಟದ ಪಾಲು ಜಾಸ್ತಿ, ಅಲ್ವಾ? ವಾರಿಯರ್ಸ್‌ನ ಸರಾಸರಿ ಅಂತರ ಸುಮಾರು 10.8 ಪಾಯಿಂಟ್, ಫೈನಲ್ಸ್‌ನ ಎದುರಾಳಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್‌ನದು 6. ವ್ಯತ್ಯಾಸ 4.8. ತವರಿನಲ್ಲಿ ಆಡುವವರಿಗೆ 3 ಪಾಯಿಂಟ್ ಸೇರಿಸಿದೆ. ಒಂದು ಪಂದ್ಯದಲ್ಲಿ 12 ಪಾಯಿಂಟ್ ಆಚೀಚೆ ಆಗುವುದು ಮಾಮೂಲು ಅಂತ ಇಟ್ಟುಕೊಂಡೆ. ತಮ್ಮ ತವರು ಓಕ್ಲೆಂಡ್‌ನಲ್ಲಿ ವಾರಿಯರ್ಸ್ ಗೆಲ್ಲುವ ಅವಕಾಶ 74%, ಕ್ಲೀವ್‌ಲ್ಯಾಂಡ್‌ನಲ್ಲಿ 56% ಅಂತ ಬಂತು.

ಫೈನಲ್ಸ್ ಅಂದರೆ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. ನಾಲ್ಕು ಪಂದ್ಯ ಮುಗಿದಾಗ ವಾರಿಯರ್ಸ್ 3-1ರಿಂದ ಮುಂದೆ. ಕ್ಯಾವಲಿಯರ್ಸ್ ಉಳಿದ ಮೂರನ್ನೂ ಗೆಲ್ಲಬೇಕು. 26%, 44%, ಮತ್ತೆ 26%. ಗುಣಿಸಿದರೆ 3%. ಅಲ್ಲಿಯವರೆಗೆ ಫೈನಲ್ಸ್‌ನಲ್ಲಿ 3-1 ಹಿಂದೆ ಬಿದ್ದ 32 ತಂಡಗಳಲ್ಲಿ ಒಂದೂ ಎದ್ದು ಬಂದಿರಲಿಲ್ಲ. "ದೋಸೆ ಹೇಳ್ಬಿಡ್ರಪ್ಪಾ" ಅಂದೆ.

ನಾನು ಎಡವಿದ್ದು ಆ ಗುಣಾಕಾರದಲ್ಲೇ. ಗುಣಿಸುವಾಗ ಮೂರು ಪಂದ್ಯಗಳಿಗೂ ಸಂಬಂಧವೇ ಇಲ್ಲ ಅಂದುಕೊಂಡಿದ್ದೆ. ಆ 4.8 ಅನ್ನುವುದೇ ತಪ್ಪಿದ್ದರೆ? ಆಗ ಮೂರು ಕಡೆಯೂ ಒಟ್ಟಿಗೇ ತಪ್ಪು. ಎರಡೂ ತಂಡ ಸಮಬಲ ಅಂದುಕೊಂಡಿದ್ದರೆ ಸತತ ಮೂರು ಗೆಲ್ಲುವ ಅವಕಾಶ ಎಂಟರಲ್ಲಿ ಒಂದು, ಅಂದರೆ 12.5%. ನನ್ನ ಅಂಕಿಯ ನಾಲ್ಕು ಪಟ್ಟು.

ತಪ್ಪಿರಬಹುದು ಅನ್ನುವುದಕ್ಕೆ ಸುಳಿವುಗಳೂ ಇದ್ದವು. ಕ್ಯಾವಲಿಯರ್ಸ್ ಜನವರಿಯಲ್ಲಿ ಕೋಚ್ ಬದಲಾಯಿಸಿದ್ದರು, ನಾನು ಇಡೀ ಸೀಸನ್‌ನ ಸರಾಸರಿ ಹಿಡಿದು ಕೂತಿದ್ದೆ. ಐದನೇ ಪಂದ್ಯಕ್ಕೆ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್‌ಗೆ ನಿಷೇಧ ಬಿತ್ತು. ಅದೇ ಪಂದ್ಯದಲ್ಲಿ ಅವರದೇ ತಂಡದ ಆಂಡ್ರೂ ಬೋಗಟ್ ಮಂಡಿಗೆ ಪೆಟ್ಟಾಗಿ ಸರಣಿಯಿಂದಲೇ ಹೊರಗೆ. ಅವತ್ತು ಕ್ಯಾವಲಿಯರ್ಸ್‌ನ ಲೆಬ್ರಾನ್ ಜೇಮ್ಸ್, ಕೈರಿ ಇರ್ವಿಂಗ್ ಇಬ್ಬರೂ ತಲಾ 41 ಪಾಯಿಂಟ್ ಹೊಡೆದರು. ನನ್ನ ಹಾಳೆಯಲ್ಲಿ ಮಾತ್ರ ಒಂದು ಅಂಕಿಯೂ ಅಲ್ಲಾಡಲಿಲ್ಲ.

ಕ್ಯಾವಲಿಯರ್ಸ್ ಐದನೆಯದನ್ನೂ ಆರನೆಯದನ್ನೂ ಗೆದ್ದು ಸರಣಿ 3-3 ಮಾಡಿದರು. ಏಳನೇ ಪಂದ್ಯದ ಹಿಂದಿನ ರಾತ್ರಿ ಸುಮ್ನೆ ಆರೂ ಪಂದ್ಯಗಳ ಸ್ಕೋರ್ ಕೂಡಿಸಿದೆ. ವಾರಿಯರ್ಸ್ 610. ಕ್ಯಾವಲಿಯರ್ಸ್ 610. ತಪ್ಪಾಗಿರಬೇಕು ಅಂತ ಇನ್ನೊಮ್ಮೆ ಕೂಡಿಸಿದೆ. ಅದೇ. ಹಾಳೆ ಇನ್ನೂ 74% ಅನ್ನುತ್ತಿತ್ತು. ಆದರೂ ಗೆಳೆಯರ ಮುಂದೆ ಮಾತು ಬದಲಿಸಲಿಲ್ಲ. ಅದು ಲೆಕ್ಕವಲ್ಲ, ಬರೀ ಹಟ.

ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದೆ. 89-89ರಲ್ಲಿ ನಾಲ್ಕು ನಿಮಿಷ ಹತ್ತಿರ ಹತ್ತಿರ ಯಾರೂ ಒಂದು ಪಾಯಿಂಟ್ ಗಳಿಸಲಿಲ್ಲ. ಕೊನೆಗೆ 53 ಸೆಕೆಂಡ್ ಉಳಿದಾಗ ಇರ್ವಿಂಗ್ ಮೂರು ಪಾಯಿಂಟ್ ಹೊಡೆದರು. ಕ್ಯಾವಲಿಯರ್ಸ್ 93-89ರಿಂದ ಗೆದ್ದರು. ದೋಸೆ ನಾನೇ ಕೊಡಿಸಿದೆ.

ಈಗ ತಂಡಕ್ಕೆ ಒಂದೇ ಅಂಕಿ ಇಡುವುದಿಲ್ಲ, ಒಂದು ಮೇಲಿನದು, ಒಂದು ಕೆಳಗಿನದು. ಪ್ರತಿ ಪಂದ್ಯದ ನಂತರ ಯಾರು ಆಡುತ್ತಾರೆ ಅಂತ ನೋಡಿ ತಿದ್ದುತ್ತೇನೆ. 2025ರಲ್ಲಿ ಓಕ್ಲಹೋಮಾ ಸಿಟಿ ಥಂಡರ್ ಗೆಲ್ಲುತ್ತದೆ ಅಂದೆ. ಇಂಡಿಯಾನಾ ಪೇಸರ್ಸ್ ಅದನ್ನೂ ಏಳನೇ ಪಂದ್ಯದವರೆಗೆ ಎಳೆಯಿತು. ಅಲ್ಲಿ ಮೊದಲ ಕ್ವಾರ್ಟರ್‌ನಲ್ಲೇ ಅವರ ಟೈರೀಸ್ ಹ್ಯಾಲಿಬರ್ಟನ್ ಕಾಲಿನ ಗಾಯದಿಂದ ಕುಸಿದು ಬಿದ್ದರು. ಥಂಡರ್ 103-91ರಿಂದ ಗೆದ್ದಿತು. ದೋಸೆ ತಿಂದೆ. ಆ ಗೆಲುವನ್ನು ಮಾತ್ರ ನನ್ನ ಹಾಳೆಯ ಲೆಕ್ಕಕ್ಕೆ ಬರೆದುಕೊಳ್ಳಲಿಲ್ಲ.