ಕೋಳಿ ಮಂಕಾಗಿದ್ರೆ ಮೊದಲು ಮೇವಿನ ಚೀಲ ಮುಟ್ಟಿ ನೋಡಿ

ಹೋದ ವಾರ ಮುಳಬಾಗಿಲಿನ ನಮ್ಮ ಹಿತ್ತಲಲ್ಲಿ ಕೆಂಪು ಹೇಟೆ ರೆಕ್ಕೆ ಇಳಿಬಿಟ್ಕೊಂಡು ಮೂಲೇಲಿ ನಿಂತಿತ್ತು. ಮನೆಯವರೆಲ್ಲ "ರೋಗ ಬಂತು, ಕೊಯ್ದುಬಿಡಿ" ಅಂದ್ರು. ನಾನು ಮಾರನೇ ಬೆಳಿಗ್ಗೆ ಮೇವು ಹಾಕೋ ಮುಂಚೆ ಕುತ್ತಿಗೆ ಬುಡದ ಮೇವಿನ ಚೀಲ, ಅಂದ್ರೆ ತಿಂದದ್ದು ಮೊದಲು ಸೇರೋ ಜಾಗ, ಮುಟ್ಟಿದೆ. ರಾತ್ರಿ ಕಳೆದ್ಮೇಲೆ ಅದು ಖಾಲಿಯಿರಬೇಕು. ಇದರದ್ದು ನಿಂಬೆಹಣ್ಣಿನಷ್ಟು ದಪ್ಪ, ಗಟ್ಟಿ. ಒಣಹುಲ್ಲು ಸಿಕ್ಕಿಕೊಂಡಿತ್ತು! ನೀರು ಕುಡಿಸಿ, ಮೆಲ್ಲಗೆ ನೀವಿ, ಎರಡು ದಿನಕ್ಕೆ ಕರಗ್ತು.

ಚೀಲ ಬಲೂನಿನ ಹಾಗೆ ಮೆತ್ತಗಿದ್ದು ಬಾಯಿ ಹುಳಿ ನಾತ ಹೊಡೆದ್ರೆ ಒಳಗಿನ ಮೇವು ಹುಳಿ ಬಂದಿದೆ ಅಂತ. ತಲೆಕೆಳಗು ಹಿಡಿದು ಕಕ್ಕಿಸೋಕೆ ಹೋಗ್ಬೇಡಿ, ಉಸಿರುನಾಳಕ್ಕೆ ಹೋದ್ರೆ ಕೈಯಲ್ಲೇ ಸಾಯುತ್ತೆ.

ಆಮೇಲೆ ಹಿಕ್ಕೆ. ಕಂದು ಮುದ್ದೆ ಮೇಲೆ ಬಿಳಿ ಟೋಪಿ ಇದ್ರೆ ಚಿಂತೆಯಿಲ್ಲ. ರಕ್ತ ಕಂಡ್ರೆ, ಅದೂ ಮರಿಗಳಲ್ಲಿ, ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ಪರಾವಲಂಬಿ ರೋಗದ ಅನುಮಾನ ಪಡಿ. ಜುಟ್ಟು ಬಿಳಿಚಿಕೊಂಡಿದ್ರೆ ರಾತ್ರಿ ಟಾರ್ಚ್ ಹಿಡಿದು ಗೂಡಿನ ಕೋಲುಗಳ ಸಂದು ನೋಡಿ. ಕೆಂಪು ನುಸಿ ಹಗಲು ಅಡಗಿದ್ದು ರಾತ್ರಿ ರಕ್ತ ಹೀರುತ್ತೆ. ಮೊಟ್ಟೆ ಸಿಕ್ಕಿಕೊಂಡ ಹೇಟೆ ನೆಟ್ಟಗೆ ನಿಂತು ತಿಣುಕುತ್ತಿರುತ್ತೆ.

ಹಸಿರು ಭೇದಿ, ಏದುಸಿರು, ಕುತ್ತಿಗೆ ತಿರುಚಿದ್ರೆ ಮಾತ್ರ ಮನೆಮದ್ದು ಬಿಡಿ. ರಾಣಿಖೇತ್ ಅನ್ನೋ ವೈರಸ್ ರೋಗ ಇರಬಹುದು, ಅದಕ್ಕೆ ಔಷಧಿಯಿಲ್ಲ, ಮುಂಚೆಯೇ ಹಾಕಿಸೋ ಲಸಿಕೆಯಷ್ಟೇ. ಆ ಕೋಳೀನ ಬೇರೆ ಇಡಿ, ಸಂತೆಗೆ ಒಯ್ಯಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.