ಮತದಾನ ಸುಧಾರಣೆ ಪಕ್ಷಗಳ ಬಲವನ್ನು ಬದಲಿಸಿದ್ದನ್ನು ಅಳೆಯುವುದು ಹೇಗೆ: ನ್ಯೂಜಿಲೆಂಡ್ ನಿದರ್ಶನ

ಮೊದಲು, ಪ್ರತಿ ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವರಷ್ಟೇ ಗೆಲ್ಲುವ ಹಳೆಯ ಪದ್ಧತಿಯಲ್ಲಿ ನಡೆದ ಒಂದು ಚುನಾವಣೆಯನ್ನು ಆಯ್ದುಕೊಂಡು, ಪ್ರತಿ ಪಕ್ಷದ ಮತಪ್ರಮಾಣವನ್ನೂ ಅದು ಗಳಿಸಿದ ಸ್ಥಾನಗಳನ್ನೂ ಅಕ್ಕಪಕ್ಕ ಬರೆದುಕೊಳ್ಳಿ. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಪಕ್ಷಕ್ಕೆ ಶೇ. 20ಕ್ಕೂ ಹೆಚ್ಚು ಮತಗಳು ಬಂದರೂ 92 ಸ್ಥಾನಗಳ ಪೈಕಿ ದಕ್ಕಿದ್ದು ಎರಡೇ. ಲೇಬರ್‌ಗಿಂತ ಕಡಿಮೆ ಮತ ಪಡೆದ ನ್ಯಾಷನಲ್ ಪಕ್ಷವೇ 47 ಸ್ಥಾನಗಳೊಂದಿಗೆ ಅಧಿಕಾರದಲ್ಲಿ ಉಳಿಯಿತು. ಇದನ್ನು ನಾನು ಸ್ಪಷ್ಟ ಅನ್ಯಾಯವೆಂದೇ ಪರಿಗಣಿಸುತ್ತೇನೆ.

ಬಳಿಕ, 1993ರ ಜನಮತಗಣನೆಯಲ್ಲಿ ಒಪ್ಪಿಗೆ ಪಡೆದ ಹೊಸ ನಿಯಮವನ್ನು ಓದಿ. ಮತದಾರರು ಕ್ಷೇತ್ರದ ಅಭ್ಯರ್ಥಿಗೊಂದು, ಪಕ್ಷಕ್ಕೊಂದು ಮತ ನೀಡುತ್ತಾರೆ, ಶೇ. 5ರಷ್ಟು ಪಕ್ಷಮತ ಗಳಿಸಿದ ಅಥವಾ ಒಂದು ಕ್ಷೇತ್ರವನ್ನಾದರೂ ಗೆದ್ದ ಪಕ್ಷಗಳಿಗೆ ಪಕ್ಷಮತದ ಅನುಪಾತದಲ್ಲಿ ಸ್ಥಾನಗಳು ಸಿಗುತ್ತವೆ.

ಈಗ ಹೊಸ ನಿಯಮದಡಿ ನಡೆದ 1996ರ ಚುನಾವಣೆಯ ಫಲಿತಾಂಶವನ್ನು ಹೋಲಿಸಿ. 120 ಸ್ಥಾನಗಳಲ್ಲಿ ನ್ಯಾಷನಲ್‌ಗೆ 44, ಲೇಬರ್‌ಗೆ 37 ಬಂದಾಗ, 17 ಸ್ಥಾನಗಳಿದ್ದ ನ್ಯೂಜಿಲೆಂಡ್ ಫಸ್ಟ್ ಪಕ್ಷವೇ ಸರ್ಕಾರ ಯಾರದೆಂದು ನಿರ್ಧರಿಸಿತು. ಅದರ ನಾಯಕ ವಿನ್‌ಸ್ಟನ್ ಪೀಟರ್ಸ್ ಉಪಪ್ರಧಾನಿಯಾದರು.

ಸ್ಥಾನಗಳ ಲೆಕ್ಕಕ್ಕೇ ನಿಲ್ಲದೆ ಪಕ್ಷದ ಒಳಗನ್ನೂ ಪರಿಶೀಲಿಸಿ: ಪಕ್ಷಮತದಿಂದ ಸಿಗುವ ಸ್ಥಾನಗಳನ್ನು ತುಂಬುವ ಅಭ್ಯರ್ಥಿಗಳ ಪಟ್ಟಿಯಲ್ಲಿ ಹೆಸರುಗಳ ಕ್ರಮವನ್ನು ಪಕ್ಷವೇ ನಿಗದಿಪಡಿಸುವುದರಿಂದ, ಮತದಾರರು ಅದನ್ನು ಬದಲಿಸಲಾರರು. ಕೊನೆಗೆ, ಇದೇ ಹೊಸ ನಿಯಮದಡಿಯೂ 2020ರಲ್ಲಿ ಲೇಬರ್ 65 ಸ್ಥಾನ ಗೆದ್ದು ಸ್ವಂತ ಬಹುಮತ ಪಡೆದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.